ಒಂದೇ ಪಂಚಾಯಿತಿ, ಎರಡು ಬಗೆಯ ಆರೋಗ್ಯ: ಕೇರಿ ಕೇರಿಯ ಪರಿಸರವನ್ನು ಅಳೆದು ದಾಖಲಿಸುವ ಕ್ರಮ

ಕಡೂರಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಅದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆಯ ಬಯಲಿಗೂ ಸಕಲೇಶಪುರದ ಮಲೆನಾಡಿಗೂ ಇಂಥದೇ ಅಂತರವಿದೆ. ಹೀಗಾಗಿ ಒಂದೆಡೆ ಆಳದ ಕೊಳವೆಬಾವಿಯ ಫ್ಲೋರೈಡ್ ನೀರು, ಇನ್ನೊಂದೆಡೆ ತೇವ ಆರದ ನೆಲದ ಕೊಕ್ಕೆಹುಳು, ಕಾಡಂಚಿನಲ್ಲಿ ಮಂಗನ ಕಾಯಿಲೆ ಎಂದು ರೋಗಗಳು ಸೀಮೆ ಹಂಚಿಕೊಂಡಿವೆ. ಇದು ಹವಾಗುಣದ ಮಾತಷ್ಟೇ ಆಗಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಆದರೆ ಒಂದೇ ಮಳೆ ಬೀಳುವ, ಒಂದೇ ಪಂಚಾಯಿತಿಗೆ ಸೇರಿದ ಎರಡು ಕೇರಿಗಳ ನಡುವೆಯೂ ಮಕ್ಕಳ ತೂಕ, ಹೆಂಗಸರ ರಕ್ತಹೀನತೆ, ಮುದುಕರ ಕೆಮ್ಮು ಬೇರೆ ಬೇರೆಯಾಗಿರುತ್ತವೆ. ಆ ವ್ಯತ್ಯಾಸವನ್ನು ಗ್ರಾಮ ಪಂಚಾಯಿತಿ ಸದಸ್ಯರು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯವರು, ಶಾಲಾ ಶಿಕ್ಷಕರು, ಎನ್‌ಎಸ್‌ಎಸ್ ಶಿಬಿರದ ವಿದ್ಯಾರ್ಥಿಗಳು ತಾವಾಗಿಯೇ ಹೇಗೆ ಪತ್ತೆ ಹಚ್ಚಿ, ಕಾಗದದ ಮೇಲೆ ತಂದು, ಪರಿಹಾರ ಕೇಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೆಲಸಕ್ಕೆ ಇಳಿಯುವ ಮೊದಲು ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಪಾಯಕ್ಕೆ ಹೆಚ್ಚು ಹೊತ್ತು, ಹೆಚ್ಚು ಹತ್ತಿರ ಇರುವವರು ಯಾರು? ಅದೇ ಪ್ರಮಾಣದ ಅಪಾಯವನ್ನು ತಾಳಿಕೊಳ್ಳುವ ಶಕ್ತಿ ಯಾರಿಗೆ ಕಡಿಮೆ? ಅಪಾಯ ಗೊತ್ತಾದ ಮೇಲೂ ಅದರಿಂದ ದೂರ ಸರಿಯಲು ಯಾರಿಗೆ ಆಗುವುದಿಲ್ಲ? ಕೆಟ್ಟ ನೀರು ಊರಿಗೆಲ್ಲ ಒಂದೇ ಎಂದು ಹೇಳುವವರು ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಯನ್ನು ಮಾತ್ರ ಕೇಳಿರುತ್ತಾರೆ. ಹಾಲು, ಮೊಟ್ಟೆ, ಸೊಪ್ಪು ತಿನ್ನುವ ಮಗುವಿಗೂ ಅಂಗನವಾಡಿಯ ಊಟವೇ ಮುಖ್ಯ ಊಟವಾಗಿರುವ ಮಗುವಿಗೂ ಅದೇ ಫ್ಲೋರೈಡ್ ಒಂದೇ ಬಗೆಯ ಪೆಟ್ಟು ಕೊಡುವುದಿಲ್ಲ, ಏಕೆಂದರೆ ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಅದರ ಹಾನಿ ಹೆಚ್ಚುತ್ತದೆ. ಇನ್ನು ಬೈಕ್ ಇರುವ ಮನೆಯವರು ಪಕ್ಕದ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತಾರೆ, ಉಳಿದವರು ಮನೆ ಮುಂದಿನ ನಲ್ಲಿಯನ್ನೇ ನಂಬುತ್ತಾರೆ.

ಮೊದಲು ಕ್ಷೇತ್ರವನ್ನು ಚಿಕ್ಕದು ಮಾಡಿಕೊಳ್ಳಿ

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು ಅವುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗಿದ್ದ ಸಂಗತಿ ತಾಲ್ಲೂಕಿನ ಮಟ್ಟಕ್ಕೆ ಇಳಿದಾಗ ಹೊರಬಿತ್ತು. ನೀವು ಇನ್ನೂ ಕೆಳಗೆ ಇಳಿಯಬೇಕು. ತಾಲ್ಲೂಕಿನ ಸರಾಸರಿ ಹೋಬಳಿಯನ್ನು ಮುಚ್ಚುತ್ತದೆ, ಹೋಬಳಿಯ ಸರಾಸರಿ ಊರನ್ನು ಮುಚ್ಚುತ್ತದೆ, ಊರಿನ ಸರಾಸರಿ ಕಾಲೊನಿಯನ್ನೂ ತೋಟದ ಲೈನನ್ನೂ, ಅಂದರೆ ಆಳುಗಳ ಸಾಲುಮನೆಗಳನ್ನೂ, ಮುಚ್ಚುತ್ತದೆ. ಆದ್ದರಿಂದ ಒಂದೇ ಗ್ರಾಮ ಪಂಚಾಯಿತಿಯನ್ನು, ಅದರಲ್ಲೂ ಎರಡು ಅಥವಾ ಮೂರು ಕೇರಿಗಳನ್ನು ಮಾತ್ರ ಆರಿಸಿಕೊಂಡು, ಒಂದಕ್ಕೊಂದು ಹೋಲಿಸಿ ನೋಡುವುದು ಒಳ್ಳೆಯದು. ಊರನ್ನೆಲ್ಲ ಸಮೀಕ್ಷೆ ಮಾಡುತ್ತೇವೆಂದು ಹೊರಟ ತಂಡಗಳು ಬಹುಮಟ್ಟಿಗೆ ಪ್ರಶ್ನಾವಳಿಯ ಕಟ್ಟಿನೊಂದಿಗೇ ನಿಂತುಬಿಡುತ್ತವೆ.

ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ನಕ್ಷೆ ಬರೆಯಿರಿ. ಪಂಚಾಯಿತಿಯ ನೀರುಗಂಟಿಯನ್ನು ಜೊತೆಗೆ ಕರೆದುಕೊಳ್ಳುವುದನ್ನು ಮರೆಯಬಾರದು. ಯಾವ ಕೊಳವೆಬಾವಿಯ ನೀರು ಯಾವ ಟ್ಯಾಂಕಿಗೆ ಏರುತ್ತದೆ, ಯಾವ ಬೀದಿಗೆ ವಾಲ್ವ್ ಎಷ್ಟು ಹೊತ್ತು ತೆರೆಯುತ್ತದೆ, ಬೇಸಿಗೆಯಲ್ಲಿ ಯಾವ ಬಾವಿ ಕೈಕೊಡುತ್ತದೆ ಎಂಬುದು ಕಚೇರಿಯ ಕಡತಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮನೆಗಳಿಗೆ ಸಂಖ್ಯೆ ಕೊಡಿ, ಹೆಸರು ಬೇಡ. ಪ್ರತಿ ಮನೆಯ ಮುಂದೆ ಕುಡಿಯುವ ನೀರು ಮತ್ತು ಅಡುಗೆಯ ನೀರು ಎಲ್ಲಿಂದ ಬರುತ್ತದೆ, ಒಲೆ ಯಾವುದು, ಹೊಗೆ ಎಲ್ಲಿ ಹೋಗುತ್ತದೆ, ಶೌಚಾಲಯ ಬಳಕೆಯಲ್ಲಿದೆಯೇ, ನೆಲ ಮಣ್ಣೋ ಸಿಮೆಂಟೋ, ಮನೆಯವರ ದುಡಿಮೆ ಏನು, ಮಳೆಗಾಲದಲ್ಲಿ ಟಾರು ರಸ್ತೆಗೆ ಎಷ್ಟು ನಿಮಿಷ ಎಂಬಷ್ಟನ್ನು ಗುರುತು ಮಾಡಿದರೆ ಆಯಿತು. ಕುಡಿಯುವ ನೀರು, ಅಡುಗೆಯ ನೀರು ಎರಡನ್ನೂ ಬೇರೆಯಾಗಿ ಕೇಳಲೇಬೇಕು. ಕ್ಯಾನ್ ನೀರು ಕುಡಿಯುವ ಎಷ್ಟೋ ಮನೆಗಳಲ್ಲಿ ಮುದ್ದೆ, ಅನ್ನ, ಸಾರು ಎಲ್ಲವೂ ಕೊಳವೆಬಾವಿಯ ನೀರಿನಲ್ಲೇ ಬೇಯುತ್ತವೆ.

ಬಯಲುಸೀಮೆಯಲ್ಲಿ: ಮಕ್ಕಳ ಹಲ್ಲನ್ನು ಓದುವುದು

ಕಡೂರು, ತರೀಕೆರೆ, ಅರಸೀಕೆರೆ ಭಾಗಗಳ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ತಿಳಿಯುವುದಿಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಪ್ರಮಾಣ ತುಸು ಹೆಚ್ಚೇ ಆಗುತ್ತದೆ. ಕುದಿಸಿ ಕುಡಿಯಿರಿ ಎಂಬ ಸಲಹೆ ವಾಂತಿಭೇದಿಗೆ ಸರಿ, ಇದಕ್ಕಲ್ಲ ಎಂಬುದನ್ನು ಅಂಗನವಾಡಿಯಲ್ಲಿ ತಾಯಂದಿರಿಗೆ ಬಿಡಿಸಿ ಹೇಳಬೇಕು.

ನೀರಿನ ಪರೀಕ್ಷೆ ಇಂದಿನ ಸ್ಥಿತಿಯನ್ನು ಹೇಳುತ್ತದೆ, ಹಲ್ಲು ಹಳೆಯ ಲೆಕ್ಕವನ್ನು ಇಟ್ಟುಕೊಂಡ ಖಾತೆ ಪುಸ್ತಕ. ಮೇಲಿನ ಮುಂಭಾಗದ ಶಾಶ್ವತ ಹಲ್ಲುಗಳು ಏಳೆಂಟು ವರ್ಷಕ್ಕೆ ಹುಟ್ಟಿದರೂ ಅವುಗಳ ಹೊರಕವಚ ರೂಪುಗೊಳ್ಳುವುದು ಮಗುವಿನ ಮೊದಲ ಕೆಲವು ವರ್ಷಗಳಲ್ಲಿ. ಆದ್ದರಿಂದ ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳನ್ನು ಶಿಕ್ಷಕರ ಹಾಗೂ ಪೋಷಕರ ಒಪ್ಪಿಗೆಯಿಂದ, ಬಿಸಿಲಿನ ಬೆಳಕಿನಲ್ಲಿ ನಿಲ್ಲಿಸಿ, ಹಲ್ಲು ಒರೆಸಿಕೊಳ್ಳಲು ಹೇಳಿ ನೋಡಿ. ಆ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಿದ ನೀರು ಕುಡಿದಿದ್ದರೆ ಎರಡೂ ಬದಿಯ ಹಲ್ಲುಗಳಲ್ಲಿ ಒಂದೇ ಎತ್ತರದಲ್ಲಿ ಅಡ್ಡಡ್ಡವಾಗಿ ಸುಣ್ಣದಂಥ ಬಿಳಿ ಗೆರೆಗಳು, ಮುಂದುವರಿದಿದ್ದರೆ ಕಂದು ಕಲೆಗಳು ಕಾಣುತ್ತವೆ. ಉಜ್ಜಿದರೆ ಹೋಗುವ ಕಲೆ, ಒಂದೇ ಹಲ್ಲಿನಲ್ಲಿರುವ ಕಲೆ, ಹುಳುಕು ಇವು ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ನೋಡಿದ ಮೇಲೆ ಮಗು ಹುಟ್ಟಿದಾಗಿನಿಂದ ಐದು ವರ್ಷದವರೆಗೆ ಯಾವ ಊರಿನಲ್ಲಿ, ಯಾವ ನೀರು ಕುಡಿದಿತ್ತು ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಿ. ಅಜ್ಜಿಯ ಮನೆಯಲ್ಲಿ ಬೆಳೆದು ಶಾಲೆಗೆಂದು ಈಚೆಗೆ ಬಂದ ಮಗುವನ್ನು ಈ ಊರಿನ ಲೆಕ್ಕದಲ್ಲಿ ಸೇರಿಸಿದರೆ ಇಡೀ ಪಟ್ಟಿ ಹಾದಿ ತಪ್ಪುತ್ತದೆ. ಈ ನೋಟ ದಂತವೈದ್ಯರ ತಪಾಸಣೆಗೆ ಬದಲಿಯಲ್ಲ, ಯಾರನ್ನು ಮೊದಲು ಅವರ ಬಳಿಗೆ ಕರೆದೊಯ್ಯಬೇಕು ಎಂದು ತಿಳಿಯುವ ದಾರಿ ಅಷ್ಟೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬರ ಮುಂದೆ ಇನ್ನೊಬ್ಬರ ಹಲ್ಲಿನ ಮಾತಾಡಬೇಡಿ. ಕಂದು ಹಲ್ಲಿನ ಹೆಣ್ಣುಮಗು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನು ಬಯಲುಸೀಮೆಯವರೆಲ್ಲ ನೋಡಿದ್ದಾರೆ.

ಈ ಎರಡು ಪಟ್ಟಿಗಳನ್ನು, ಅಂದರೆ ಹಲ್ಲಿನ ಪಟ್ಟಿಯನ್ನೂ ನೀರಿನ ಪಟ್ಟಿಯನ್ನೂ, ನಕ್ಷೆಯ ಮೇಲೆ ಒಟ್ಟಿಗೆ ಇಟ್ಟಾಗ ಕೇರಿಗಳ ಕಥೆ ತಾನಾಗಿ ತೆರೆದುಕೊಳ್ಳುತ್ತದೆ. ಹತ್ತು, ಹನ್ನೊಂದು ವರ್ಷದವರಲ್ಲಿ ಎರಡೂ ಕೇರಿಗಳಲ್ಲಿ ಕಲೆಯಿದ್ದು, ಎಂಟು ವರ್ಷದವರಲ್ಲಿ ಒಂದು ಕೇರಿಯಲ್ಲಿ ಮಾತ್ರ ಉಳಿದಿದ್ದರೆ, ನಡುವೆ ಬಂದ ಶುದ್ಧ ನೀರಿನ ಘಟಕದ ಪ್ರಯೋಜನ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಘಟಕದ ಗೋಡೆಯ ಮೇಲೆ ಉದ್ಘಾಟಕರ ಹೆಸರುಗಳು ಅಮೃತಶಿಲೆಯಲ್ಲಿ ಇರುತ್ತವೆ, ಫಿಲ್ಟರ್ ಬದಲಿಸಿದ ದಿನಾಂಕ ಮಾತ್ರ ಇರುವುದಿಲ್ಲ. ಅದನ್ನು ಕೇಳಿ ಬರೆದುಕೊಳ್ಳಿ. ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷೆಗೆ ಕಳುಹಿಸಿ.

ಪರೀಕ್ಷೆಗೆ ಜಲಜೀವನ್ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ಕೊಟ್ಟಿರುವ ಫೀಲ್ಡ್ ಟೆಸ್ಟ್ ಕಿಟ್ ಮೊದಲ ಹೆಜ್ಜೆಗೆ ಸಾಕು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಇದರ ತರಬೇತಿ ಕೊಡಬೇಕೆಂಬುದು ಯೋಜನೆಯಲ್ಲೇ ಇದೆ. ಕಿಟ್ಟಿನಲ್ಲಿ ಮಿತಿ ಮೀರಿದ್ದು ಕಂಡರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಿಂದ ಲಿಖಿತ ವರದಿ ಪಡೆಯಬೇಕು, ಏಕೆಂದರೆ ಅರ್ಜಿಯ ಜೊತೆ ನಿಲ್ಲುವುದು ಅದೇ. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ. ಅಂತರ್ಜಲ ಇಳಿದಾಗ ಮತ್ತು ಮರುಪೂರಣವಾದಾಗ ಅಂಕಿಗಳು ಬೇರೆಯಾಗಬಹುದು.

ಮಲೆನಾಡಿನಲ್ಲಿ: ಲೈನು, ನೆಲ, ಹೊಗೆ

ಮೂಡಿಗೆರೆ, ಆಲೂರು, ಬೇಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ನೀರಿಗಿಂತ ಮೊದಲು ನೆಲವನ್ನು ನೋಡಬೇಕು. ಕೊಕ್ಕೆಹುಳುವಿನ ಮೊಟ್ಟೆ ಮಲದ ಮೂಲಕ ಮಣ್ಣಿಗೆ ಬಿದ್ದು, ನೆರಳೂ ತೇವವೂ ಇದ್ದರೆ ಒಂದೆರಡು ದಿನಗಳಲ್ಲಿ ಮರಿಯಾಗಿ, ಐದರಿಂದ ಹತ್ತು ದಿನಗಳಲ್ಲಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೋಗುವ ಹಂತಕ್ಕೆ ಬರುತ್ತದೆ. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳು, ದರಕು ಹಾಸಿದ ಒದ್ದೆ ಮಣ್ಣು, ಬರಿಗಾಲು ಅಥವಾ ಸವೆದ ಹವಾಯಿ ಚಪ್ಪಲಿ, ಲೈನಿನ ಹಿಂದೆ ಬಾಗಿಲಿಲ್ಲದ ಶೌಚಾಲಯ ಇವೆಲ್ಲ ಒಂದೆಡೆ ಸೇರಿದರೆ ಹುಳುವಿಗೆ ಬೇಕಾದದ್ದೆಲ್ಲ ಸಿದ್ಧವಿರುತ್ತದೆ. ಕರುಳಿನಲ್ಲಿ ಕಚ್ಚಿಕೊಂಡ ಹುಳು ದಿನವೂ ರಕ್ತ ಹೀರುತ್ತದೆ, ಹೆಣ್ಣಾಳಿನ ರಕ್ತಹೀನತೆ ಹೆಚ್ಚುತ್ತದೆ, ಆಯಾಸದಿಂದ ಹಣ್ಣು ಕೊಯ್ಯುವುದು ಕಡಿಮೆಯಾಗುತ್ತದೆ, ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟವಾದರೆ ಸಂಬಳವೂ ಇಳಿಯುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನೂ ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟು, ಶೌಚಾಲಯವನ್ನು ಹಾಗೆಯೇ ಬಿಟ್ಟರೆ ಕೆಲವು ತಿಂಗಳಲ್ಲಿ ಸೋಂಕು ಮರಳುತ್ತದೆ. ಆದ್ದರಿಂದ ಆರೋಗ್ಯ ಉಪಕೇಂದ್ರದ ದಾದಿ, ಅಂದರೆ ಎಎನ್‌ಎಂ ಅವರನ್ನು ಕೇಳಿ, ಹೆಸರಿಲ್ಲದೆ, ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿರುವವರ ಸಂಖ್ಯೆಯನ್ನು ಲೈನಿನಲ್ಲಿ ವಾಸಿಸುವವರು ಮತ್ತು ಊರಿನಲ್ಲಿ ವಾಸಿಸುವವರು ಎಂದು ವಿಂಗಡಿಸಿ ಪಡೆಯಿರಿ. ನಿಮ್ಮ ನಕ್ಷೆಯಲ್ಲಿ ಶೌಚಾಲಯದ ಗುರುತು ಎಲ್ಲಿ ಖಾಲಿಯಿದೆ ಎಂಬುದನ್ನು ಅದರ ಪಕ್ಕದಲ್ಲಿ ಇಡಿ.

ಹೊಗೆಯ ವಿಚಾರ. ಅನಿಲದ ಸಿಲಿಂಡರ್ ಇದೆಯೇ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಹೌದೆಂಬ ಉತ್ತರ ಬರುತ್ತದೆ. ಕಳೆದ ಬಾರಿ ಯಾವಾಗ ತುಂಬಿಸಿದಿರಿ ಎಂದು ಕೇಳಬೇಕು. ಸಿಲಿಂಡರನ್ನು ಕಾಫಿ ಕಾಯಿಸುವುದಕ್ಕೆ ಉಳಿಸಿಕೊಂಡು ಅನ್ನ, ಮುದ್ದೆ, ಸ್ನಾನದ ನೀರಿಗೆ ಸೌದೆಯನ್ನೇ ಉರಿಸುವ ಮನೆಗಳು ಬಹಳ. ಬಚ್ಚಲಿನ ಹಂಡೆಯ ಒಲೆಯನ್ನು ಸಮೀಕ್ಷೆಗಳು ಸಾಮಾನ್ಯವಾಗಿ ಮರೆಯುತ್ತವೆ, ಆದರೆ ಆರು ತಿಂಗಳು ಚಳಿ ಮಳೆ ಇರುವ ಕಡೆ ದಿನಕ್ಕೆ ಹೆಚ್ಚು ಹೊತ್ತು ಉರಿಯುವುದು ಅದೇ, ಅದಕ್ಕೆ ಹಾಕುವುದೂ ಹಸಿ ಕಾಫಿ ಗಿಡದ ಕೊಂಬೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಕಿಟಕಿಯಿಲ್ಲದ ಒಂದೇ ಕೋಣೆಯ ಮನೆಯಲ್ಲಿ ಸೌದೆ ಒಲೆ ಹೊತ್ತಿರುವಾಗ ಪ್ರಮಾಣ ಇವೆರಡನ್ನೂ ಎಷ್ಟೋ ಪಟ್ಟು ದಾಟುತ್ತದೆ. ಉಪಕರಣವಿಲ್ಲದಿದ್ದರೂ ಚಿಂತೆಯಿಲ್ಲ. ಒಲೆಯ ಮೇಲಿನ ಹೆಂಚು, ತೊಲೆಗಳಿಗೆ ಇಲ್ಲಣ ಎಷ್ಟು ಕಟ್ಟಿದೆ, ಮಲಗುವ ಜಾಗ ಒಲೆಯಿಂದ ಎಷ್ಟು ಮಾರು ದೂರ, ಅಡುಗೆಯಾಗುವಾಗ ಕೂಸು ಎಲ್ಲಿರುತ್ತದೆ ಎಂಬ ಮೂರು ಸಂಗತಿಗಳನ್ನು ಬರೆದುಕೊಂಡರೆ ಎರಡು ಕೇರಿಗಳನ್ನು ಹೋಲಿಸಲು ಸಾಕಷ್ಟಾಯಿತು. ಹೊಗೆ ಕೊಳವೆಯಿರುವ ಅಸ್ತ್ರ ಒಲೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿ ದಶಕಗಳೇ ಕಳೆದಿವೆ. ಅದು ಬಾಡಿಗೆ ಅಥವಾ ಲೈನು ಮನೆಗಳಿಗೆ ಬರದಿರುವುದು ತಂತ್ರಜ್ಞಾನದ ಕೊರತೆಯಿಂದಲ್ಲ, ಗೋಡೆ ಕೊರೆಯುವ ಹಕ್ಕು ಅಲ್ಲಿರುವವರಿಗೆ ಇಲ್ಲದಿರುವುದರಿಂದ.

ಹಕ್ಕಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯು ಕುಡಿಯುವ ನೀರು, ಶೌಚಾಲಯ, ವಸತಿ, ವೈದ್ಯಕೀಯ ಸೌಲಭ್ಯ, ಮಕ್ಕಳ ಪಾಲನೆಯ ಕೊಠಡಿ ಇವನ್ನು ಮಾಲೀಕರ ಹೊಣೆಯಾಗಿಸಿತ್ತು, ಅಂಥ ಹೊಣೆಗಳು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿ ಸಂಹಿತೆಯಲ್ಲೂ ಸೇರಿವೆ. ಆದರೆ 1951ರ ಕಾಯ್ದೆ ಅನ್ವಯವಾಗುತ್ತಿದ್ದುದು ಐದು ಹೆಕ್ಟೇರ್‌ಗೂ ಹದಿನೈದು ಆಳುಗಳಿಗೂ ಕಡಿಮೆಯಿಲ್ಲದ ತೋಟಗಳಿಗೆ, ನಮ್ಮಲ್ಲಿ ಬಹುಪಾಲು ಕಾಫಿ ಹಿಡುವಳಿಗಳು ಸಣ್ಣವು. ಸಣ್ಣ ತೋಟದ ಆಳಿಗೆ ಮಾಲೀಕನೂ ಕಟ್ಟಿಕೊಡುವುದಿಲ್ಲ, ತೋಟದೊಳಗಿನ ಮನೆ ಎಂಬ ಕಾರಣಕ್ಕೆ ಪಂಚಾಯಿತಿಯೂ ಕಟ್ಟಿಕೊಡುವುದಿಲ್ಲ. ನಿಮ್ಮ ನಕ್ಷೆಯಲ್ಲಿ ಇಂಥ ಮನೆಗಳಿಗೆ ಬೇರೆ ಬಣ್ಣ ಹಾಕಿ.

ಕಾಡಂಚಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕೆಲಸ ಮಾಡುವವರು ಉಣುಗಿನ ಕಾಲವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಮಳೆ ಬಿಟ್ಟ ಮೇಲೆ ಮುಂದಿನ ಮುಂಗಾರಿನವರೆಗೆ ಅದರ ಹಾವಳಿ. ಕೊಟ್ಟಿಗೆಗೆ ದರಕು, ಒಲೆಗೆ ಸೌದೆ ತರಲು ಕಾಡಿಗೆ ಹೋಗಲೇಬೇಕಾದವರು ಯಾರು, ಹಣ ಕೊಟ್ಟು ತರಿಸಿಕೊಳ್ಳುವವರು ಯಾರು ಎಂಬ ಒಂದೇ ಪ್ರಶ್ನೆ ಇಲ್ಲಿ ಸಾಕಾಗುತ್ತದೆ. ಶುಂಠಿ, ಆಲೂಗಡ್ಡೆ ಬೆಳೆಯುವ ಕಡೆ ಔಷಧಿ ಹೊಡೆಯುವ ಆಳಿಗೂ ಇದೇ ಪ್ರಶ್ನೆ. ಬೆನ್ನಿಗೆ ಪಂಪು ಹೊತ್ತವನು ಜಮೀನಿನವನೋ ಕೂಲಿಯವನೋ, ಒದ್ದೆಯಾದ ಅಂಗಿಯನ್ನು ಮನೆಯಲ್ಲಿ ಯಾರು ಒಗೆಯುತ್ತಾರೆ ಎಂಬುದನ್ನು ವಿಚಾರಿಸಿ.

ಅಂಕಿಗಳಿಂದ ಮೋಸಹೋಗದಿರುವುದು

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವುದು ಬಂದವರ ಸಂಖ್ಯೆ, ಕಾಯಿಲೆಯಾದವರ ಸಂಖ್ಯೆಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಪಕ್ಕದ ಬೀದಿಯಿಂದ ಹೆಚ್ಚು ರೋಗಿಗಳು ಬರುತ್ತಾರೆ, ಹಳ್ಳದಾಚೆಯ ಮನೆಗಳಿಂದ ಕಡಿಮೆ. ಕಾಲುಸಂಕ ಕೊಚ್ಚಿಹೋದ ಜುಲೈ ತಿಂಗಳಲ್ಲಿ ಅಲ್ಲಿಂದ ಯಾರೂ ಬಂದಿಲ್ಲವೆಂದರೆ ಅಲ್ಲಿ ಎಲ್ಲರೂ ಸೌಖ್ಯವೆಂದು ತಿಳಿಯುವುದು ತಪ್ಪು. ವೇಲ್ಸ್‌ನ ಗಣಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದ ಲೇಖನದ ತಿರುಳೂ ಇದೇ: ಒಳ್ಳೆಯ ಚಿಕಿತ್ಸೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿ ಅದು ಸಿಗುವುದು ಕಡಿಮೆ. ಆದ್ದರಿಂದ ದೂರವನ್ನು ಕಿಲೋಮೀಟರಿನಲ್ಲಿ ಬರೆಯದೆ, ಮಳೆಗಾಲದಲ್ಲಿ 108 ಆಂಬುಲೆನ್ಸ್ ನಿಲ್ಲುವ ಜಾಗದವರೆಗೆ ರೋಗಿಯನ್ನು ಹೊತ್ತು ತರಲು ಬೇಕಾಗುವ ಸಮಯದಲ್ಲಿ ಬರೆಯಿರಿ.

ಲೈನು ಮನೆಗಳಲ್ಲಿ ಇನ್ನೊಂದು ಬಗೆಯ ಮೋಸವಿದೆ. ಅಸ್ಸಾಂ, ಬಂಗಾಳ, ಉತ್ತರ ಕರ್ನಾಟಕದ ಕಡೆಯಿಂದ ಬಂದ ಆಳುಗಳಲ್ಲಿ ಕಾಯಿಲೆ ಬಿದ್ದವರು ಊರಿಗೆ ಮರಳುತ್ತಾರೆ, ಗಟ್ಟಿಮುಟ್ಟಾದವರು ಮಾತ್ರ ಉಳಿದಿರುತ್ತಾರೆ. ನೀವು ಹೋದ ದಿನ ಲೈನಿನಲ್ಲಿ ಯಾರಿಗೂ ಏನೂ ಇಲ್ಲವೆನಿಸಿದರೆ, ಕಳೆದ ವರ್ಷ ಇಲ್ಲಿದ್ದು ಈಗ ಇಲ್ಲದವರು ಏಕೆ ಹೋದರು ಎಂದು ಮೇಸ್ತ್ರಿಯನ್ನೋ ರೈಟರನ್ನೋ ಅಲ್ಲ, ಪಕ್ಕದ ಕೋಣೆಯ ಹೆಂಗಸರನ್ನು ಕೇಳಿ.

ಕಾಯಿಲೆ ಬಾರದವರನ್ನೂ ಅಷ್ಟೇ ಆಸ್ಥೆಯಿಂದ ನೋಡಬೇಕು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಬೀದಿಯ ಪಂಪಿನ ನೀರಿನಿಂದಲೇ ರೋಗ ಹರಡುತ್ತಿದೆ ಎಂಬ ಅವನ ವಾದಕ್ಕೆ ಬಲ ಬಂದದ್ದು ಅದೇ ಬೀದಿಯ ಬಿಯರ್ ಕಾರ್ಖಾನೆಯ ಆಳುಗಳು ಸಾಯದಿದ್ದುದರಿಂದ. ಅವರು ಬೀದಿಯ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ. ಕೆಟ್ಟ ನಲ್ಲಿಯ ಪಕ್ಕದಲ್ಲೇ ಇದ್ದು ಹಲ್ಲು ಬೆಳ್ಳಗಿರುವ ಮಗುವಿನ ಮನೆಯಲ್ಲಿ ಮಳೆ ನೀರಿನ ತೊಟ್ಟಿ ಇದೆಯೇ, ಹಳೆಯ ತೆರೆದ ಬಾವಿ ಇದೆಯೇ ಎಂದು ವಿಚಾರಿಸಿದರೆ ಕೆಲವೊಮ್ಮೆ ಪರಿಹಾರವೇ ಅಲ್ಲಿ ಸಿಗುತ್ತದೆ. ಮನೆಗಳು ಕಡಿಮೆಯಿದ್ದಾಗ ಶೇಕಡಾವಾರು ಬರೆಯಬೇಡಿ. ‘ಹದಿನಾಲ್ಕರಲ್ಲಿ ಒಂಬತ್ತು’ ಎಂದೇ ಬರೆಯಿರಿ. ಹೊಗೆಸೊಪ್ಪು, ಬೀಡಿ, ವಯಸ್ಸು ಇವನ್ನು ಗುರುತಿಸದೆ ಕೆಮ್ಮನ್ನೆಲ್ಲ ಒಲೆಯ ತಲೆಗೆ ಕಟ್ಟಿದರೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಮೊದಲ ಪ್ರಶ್ನೆಗೇ ನಿಮ್ಮ ವರದಿ ಬಿದ್ದುಹೋಗುತ್ತದೆ. ಕ್ಷಯ, ಎಚ್‌ಐವಿ ಇರುವ ಮನೆಯನ್ನು ನಕ್ಷೆಯಲ್ಲಿ ಯಾವ ರೀತಿಯಲ್ಲೂ ಗುರುತಿಸಕೂಡದು.

ಅರ್ಜಿ

ಪರಿಹಾರ ಕೇಳುವಾಗ ಮೂಲವನ್ನು ಸರಿಪಡಿಸುವ ಬೇಡಿಕೆ ಮೊದಲು ಬರಬೇಕು, ಜನರಿಗೆ ಬುದ್ಧಿ ಹೇಳುವ ಬೇಡಿಕೆ ಕೊನೆಗೆ ಬರಬೇಕು. ಕೊಳವೆಬಾವಿ ಬದಲಿಸುವುದು, ನದಿ ಮೂಲದ ನೀರನ್ನು ಆ ಕೇರಿಯ ಟ್ಯಾಂಕಿಗೂ ಜೋಡಿಸುವುದು, ಕೊಳಾಯಿಯ ತುದಿಯ ಮನೆಗೂ ಜಲಜೀವನ್ ಮಿಷನ್ ಹೇಳುವ ದಿನಕ್ಕೆ ತಲಾ 55 ಲೀಟರ್ ಮುಟ್ಟುತ್ತಿದೆಯೇ ಎಂದು ಅಳೆಯುವುದು, ಲೈನಿಗೆ ಶೌಚಾಲಯ, ಹಳ್ಳಕ್ಕೆ ಕಾಲುಸಂಕ ಇಂಥವನ್ನು ಬರೆಯಿರಿ. ಅರಿವು ಕಾರ್ಯಕ್ರಮಕ್ಕೆ ಶಾಮಿಯಾನ ಮತ್ತು ಧ್ವನಿವರ್ಧಕ ಸಾಕಾಗುವುದರಿಂದ ಕಚೇರಿಗಳು ಅದನ್ನು ಬೇಗ ಒಪ್ಪಿಕೊಳ್ಳುತ್ತವೆ, ಅಷ್ಟಕ್ಕೇ ತೃಪ್ತರಾಗಬೇಡಿ. ಒಂದು ಅರ್ಜಿಯಲ್ಲಿ ಒಂದೇ ಕೇರಿ, ಒಂದೇ ಬೇಡಿಕೆ ಇರಲಿ. ಜೊತೆಗೆ ನಕ್ಷೆಯ ಪ್ರತಿ, ಪ್ರಯೋಗಾಲಯದ ವರದಿ, ಹೋಲಿಕೆಯ ಎರಡು ಸಂಖ್ಯೆಗಳು ಇರಲಿ.

ಮೊದಲು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ವಿಷಯವನ್ನು ಮಂಡಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬರೆಯದ ಮಾತು ಮುಂದಿನ ಸಭೆಗೆ ಇರುವುದಿಲ್ಲ. ಲೈನಿನ ಆಳುಗಳು ಕೂಲಿ ಬಿಟ್ಟು ಗ್ರಾಮಸಭೆಗೆ ಬರಲಾರರು, ಬಂದರೂ ತೋಟದವರ ಎದುರು ಮಾತಾಡಲಾರರು, ಆದ್ದರಿಂದ ಅವರ ಪರವಾಗಿ ಸಮಿತಿಯ ಹೆಸರಿನಲ್ಲಿ ವಿಷಯ ಬರಲಿ. ಸಣ್ಣ ಕೆಲಸಗಳಿಗೆ ಗ್ರಾಮ ಆರೋಗ್ಯ ಸಮಿತಿಯ ಮುಕ್ತನಿಧಿಯನ್ನು ಬಳಸಬಹುದು, ನೀರಿನ ಟ್ಯಾಂಕಿನ ಸುತ್ತ ಚರಂಡಿ ಸರಿಪಡಿಸುವಂಥ ಕೆಲಸಕ್ಕೆ ಅದು ಸಾಕಾಗುತ್ತದೆ. ದೊಡ್ಡ ಕೆಲಸವಾದರೆ ಪಿಡಿಒ ಮೂಲಕ ತಾಲ್ಲೂಕು ಪಂಚಾಯಿತಿಗೆ ಹೋಗಬೇಕು. ತೋಟದೊಳಗಿನ ವಸತಿಯ ದೂರು ಕಾರ್ಮಿಕ ಇಲಾಖೆಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವ ದೂರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಆ ನೀರಿನ ಮಾದರಿ ತೆಗೆದಿರಬೇಕು, ಮಳೆ ಬಂದ ಮೇಲೆ ಹಳ್ಳದಲ್ಲಿ ಗುರುತೂ ಉಳಿಯುವುದಿಲ್ಲ. ಪ್ರತಿ ಅರ್ಜಿಗೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನಗಳಲ್ಲಿ ಏನೂ ಆಗದಿದ್ದರೆ ಆ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು.

ಕೆಲಸ ಆದ ಮೇಲೆ ಅದೇ ನಲ್ಲಿಯ ನೀರನ್ನು, ಹಿಂದೆ ಪರೀಕ್ಷಿಸಿದ ಅದೇ ತಿಂಗಳಿನಲ್ಲಿ ಮತ್ತೆ ಪರೀಕ್ಷಿಸಿ, ಹಳೆಯ ನಕ್ಷೆಯ ಮೇಲೇ ಹೊಸ ಅಂಕಿಯನ್ನು ಬೇರೆ ಶಾಯಿಯಲ್ಲಿ ಬರೆಯಿರಿ. ನಕ್ಷೆಯ ಒಂದು ಪ್ರತಿ ಶಾಲೆಯಲ್ಲೂ ಇನ್ನೊಂದು ಆಶಾ ಕಾರ್ಯಕರ್ತೆಯ ಬಳಿಯೂ ಇರಲಿ. ಪಂಚಾಯಿತಿ ಚುನಾವಣೆ ಕಳೆದು ಸದಸ್ಯರು ಬದಲಾದರೂ ಆ ಎರಡು ಕಡೆ ಅದು ಸಿಗುತ್ತದೆ.